ಜಾಡಿಯ ತಳದ ಕೆಂಪು ಕಲೆ

ಅಜ್ಜಿ ಸಾಕಮ್ಮನ ಉಪ್ಪಿನಕಾಯಿ ಜಾಡಿಯನ್ನು ಬೋರಲು ಹಾಕಿ, ತಳದಲ್ಲಿದ್ದ ಕೆಂಪು ಕಲೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೆಗೆದೆ. ಕಾರ್ಖಾನೆಯ ಮುದ್ರೆ ಸರಿಯಾಗಿ ಕಂಡರೆ ಅದು ಯಾವ ಕಾಲದ್ದೆಂದು ಹೇಳಬಹುದು ಎಂದಿದ್ದರು, ಸರಸ್ವತಿಪುರಂನ ಹಳೆ ಸಾಮಾನಿನ ಅಂಗಡಿಯವರು. ಮುದ್ರೆಯೇನೋ ಕಂಡಿತು. ಹೆಮ್ಮೆಯಿಂದ ಅಮ್ಮನಿಗೆ ತೋರಿಸಿದೆ.

ಅಮ್ಮ ತಳವನ್ನು ಬೆರಳಿನಿಂದ ಸವರಿ ನೋಡಿದಳು.

“ಅಯ್ಯೋ, ಅಳಿಸ್ಬುಟ್ಯಾ? ಅದು ಕಲೆ ಅಲ್ಲ ಕಣೋ, ನಮ್ಮವ್ವನ ಹೆಸರಿನ ‘ಸಾ’. ಮದುವೆ ಮನೆಗೆ ಎರವಲು ಕೊಟ್ಟ ಜಾಡಿ ಅದಲುಬದಲಾಗ್ದಿರ್ಲಿ ಅಂತ ಪೇಂಟಲ್ಲಿ ಬರೆದಿದ್ಲು. ಅವಳಿಗೆ ಬರೆಯಕ್ಕೆ ಬರ್ತಿದ್ದದ್ದೇ ಅದೊಂದಕ್ಷರ.”

ಜಾಡಿಯ ವಯಸ್ಸು ಕೇಳಲು ನಾನು ಮತ್ತೆ ಅಂಗಡಿಗೆ ಹೋಗಲಿಲ್ಲ. ಎಷ್ಟೋ ಮದುವೆ ಮನೆಗಳಿಗೆ ಹೋಗಿ ತಪ್ಪದೆ ಮರಳಿದ್ದ ಅಜ್ಜಿಯ ಅಕ್ಷರವನ್ನು ಮನೆಯಲ್ಲೇ ಕಳೆದುಬಿಟ್ಟಿದ್ದೆ.