ಖಂಡೆ ಪೂಜೆಗೆ ಇಟ್ಟ ಪುಸ್ತಕ

ದೆವ್ವ, ಪವಾಡ, ಅಶರೀರವಾಣಿ ಇಂಥವನ್ನು ನಾನು ಯಾವತ್ತೂ ನಂಬಿದವನಲ್ಲ. ಕಿತ್ತೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಾಗ, ಹಾಳುಗೋಡೆಯ ಹತ್ತಿರ ಏನೋ ಕಂಡೆವೆಂದು ಹುಡುಗರು ಹೆದರಿ ಓಡಿ ಬಂದರೆ, ಅವರನ್ನು ಅಲ್ಲಿಗೇ ವಾಪಸು ಕರೆದುಕೊಂಡು ಹೋಗಿ, "ಎಲ್ಲೈತಿ, ತೋರಸ್ರಿ ನೋಡೂಣು" ಎಂದು ಕೇಳುತ್ತಿದ್ದೆ. ಅವರು ಬೆಪ್ಪಾಗಿ ನಿಲ್ಲುತ್ತಿದ್ದರು. ಈಗ ನಾನೇ ಇಂಥದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಆದರೆ ಈ ಸಂಗತಿಯಲ್ಲಿ ನಂಬಲು ಏನೂ ಕಷ್ಟವಿಲ್ಲದ, ಎಲ್ಲರ ಕಣ್ಣೆದುರೇ ನಡೆದ ಭಾಗವೊಂದಿದೆ. ಅದನ್ನು ನೆನೆದರೆ ನನಗೆ ಇಂದಿಗೂ ಮೈಯೆಲ್ಲ ಉರಿಯುತ್ತದೆ.

ನಿವೃತ್ತನಾದ ಮೇಲೆ ನಾನು ಬೈಲಹೊಂಗಲದಲ್ಲಿ ಮನೆ ಮಾಡಿದ್ದೇನೆ. ಹೆಂಡತಿ ಮಗಳ ಮನೆಗೆ ಹೋದಾಗಲೆಲ್ಲ ಮಾರ್ಕೆಟ್ಟಿನ ಹತ್ತಿರದ ಒಂದು ಖಾನಾವಳಿಯಲ್ಲಿ ನನ್ನ ಊಟ. ಅಲ್ಲಿ ರೊಟ್ಟಿ ಬಡಿಯುತ್ತಿದ್ದವಳು ರೇಣವ್ವ, ಮುರಗೋಡದ ಕಡೆಯವಳು. ಅವಳ ಗಂಡ ಈರಣ್ಣ ಗೌಂಡಿ ಕೆಲಸದವನು. ಊರಿನ ಒಂದು ಮದುವೆಯ ಮೆರವಣಿಗೆಯಲ್ಲಿ ಡಾಲ್ಬಿ ಹಚ್ಚುವ ವಿಷಯಕ್ಕೆ ಹೊಡೆದಾಟವಾಗಿ ಒಬ್ಬನ ತಲೆ ಒಡೆದಿತ್ತು. ಕೇಸಿನಲ್ಲಿ ಈರಣ್ಣನ ಹೆಸರೂ ಸೇರಿತು. ಉಳಿದವರು ಬೇಗನೇ ಜಾಮೀನಿನ ಮೇಲೆ ಹೊರಗೆ ಬಂದರು. ಈರಣ್ಣನಿಗೂ ಕೋರ್ಟು ಜಾಮೀನು ಕೊಟ್ಟಿತ್ತು. ಆದರೆ ಅವನ ಪರವಾಗಿ ಹೊಲದ ಪಹಣಿ ಉತಾರ ಹಿಡಿದುಕೊಂಡು ಬಂದು ನಿಲ್ಲುವವರು ಯಾರೂ ಇರಲಿಲ್ಲ. ಸ್ವಂತದ್ದೆಂದರೆ ಅವನ ಹತ್ತಿರ ಗಾರೆ ಮೆತ್ತುವ ಒಂದು ಕರಣಿ, ಗೋಡೆಯ ನೇರ ನೋಡುವ ಒಂದು ಓಳಂಬ. ಅವುಗಳ ಮೇಲೆ ಯಾರು ಜಾಮೀನು ಕೊಡುತ್ತಾರೆ? ಅಷ್ಟಕ್ಕಾಗಿ ಅವನು ವರ್ಷದ ಮೇಲಾದರೂ ಸಬ್ ಜೈಲಿನಲ್ಲೇ ಇದ್ದ. ಯಾವ ಊರಿನ ಜೈಲು ಎಂದು ಹೇಳುವುದಿಲ್ಲ. ಹೇಳಿದರೆ ಆ ಒಂದು ಊರಿನ ಮಾತೆಂದು ಉಳಿದವರು ಕೈ ತೊಳೆದುಕೊಂಡಾರು.

ದಸರೆಗೆ ಮುಂಚೆ ನಾವು ನಾಲ್ಕಾರು ಜನ ನಿವೃತ್ತ ಮಾಸ್ತರರು ಸೇರಿ ಆ ಜೈಲಿಗೆ ಪುಸ್ತಕ ಕೂಡಿಸಿ ಕೊಡುವುದೆಂದು ಮಾತಾಡಿಕೊಂಡೆವು. ಇದು ಹೇಗೋ ರೇಣವ್ವನ ಕಿವಿಗೆ ಬಿದ್ದಿತ್ತು. ಹಿಟ್ಟಿನ ಕೈಯಲ್ಲೇ ಒಲೆಯ ಮುಂದಿನಿಂದ ಎದ್ದು ಬಂದಳು.

"ಸರ, ಅವ್ರು ಏಳನೇ ತನಕ ಓದ್ಯಾರ್ರಿ. ತಮ್ಮ ಮ್ಯಾಲ ಏನ್ ಕಲಮು ಹಾಕ್ಯಾರ, ಎಷ್ಟ ದಿನಾ ಒಳಗ ಇಡಾಕ ಬರತೈತಿ, ಯಾರೂ ಹೇಳವಲ್ರು ಅಂತ ಅಳತಾರ್ರಿ. ಅದನ್ನ ತಿಳಸೂವಂಥಾ ಬುಕ್ಕ ಇದ್ರ ಒಂದ್ ಇಡ್ರಿ."

ಪರಿಚಯದ ವಕೀಲರ ಮನೆಯಲ್ಲಿ ಅಂಥದ್ದೊಂದು ಕೈಪಿಡಿ ಸಿಕ್ಕಿತು. ಹೊಸ ಕಾನೂನು ಬಂದ ಮೇಲೆ ಬರೆದದ್ದು, ವಿಚಾರಣೆ ಮುಗಿಯದೆ ಜೈಲಿನಲ್ಲಿರುವವರಿಗೆ ಏನೇನು ಹಕ್ಕಿದೆ ಎಂದು ಸುಲಭ ಕನ್ನಡದಲ್ಲಿ ಹೇಳುವಂಥದ್ದು. ಒಳಗಿನ ಹಾಳೆ ತಿರುವಿ ನೋಡಲು ಪುರುಸೊತ್ತಿರಲಿಲ್ಲ. ಉಳಿದ ಪುಸ್ತಕಗಳ ನಡುವೆ ಅದನ್ನು ಸೇರಿಸಿ, ಹಳೆಯ ಧೋತರದಲ್ಲಿ ಕಟ್ಟಿ, ಮೇಲೆ ಸುತಳಿ ಸುತ್ತಿ ನಾನೇ ಬಿಗಿದೆ.

ಜೈಲಿನಲ್ಲಿ ಸಮಾರಂಭ ಭರ್ಜರಿಯಾಗಿಯೇ ಆಯಿತು. ಅಲ್ಲಿನ ಜೈಲರ್ ಬಸವರಾಜ ಕಿತ್ತೂರಿನಲ್ಲಿ ನನ್ನ ಕೈಯಲ್ಲೇ ಕಲಿತವನು. ಶಾಲು, ಹಾರ, ಫೋಟೋ ಎಲ್ಲ ಇದ್ದವು. ಒಳಗಿನವರನ್ನು ಅಂಗಳದಲ್ಲಿ ಸಾಲಾಗಿ ಕೂರಿಸಿದ್ದರು. ಪುಸ್ತಕವೇ ಬೆಳಕು ಎಂದು ಎಲ್ಲರೂ ಭಾಷಣ ಮಾಡಿದೆವು. ನಾನೂ ಮಾಡಿದೆ. ಗಂಟನ್ನು ಬಸವರಾಜನ ಕೈಗೆ ಕೊಟ್ಟು, ಚಹಾ ಕುಡಿದು ಬಂದೆವು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ರೇಣವ್ವ ಸಂತೋಷದಿಂದ ಹೇಳಿದಳು. ಮುಲಾಖತ್ತಿಗೆ ಹೋದಾಗ ಈರಣ್ಣ ಪುಸ್ತಕದ ಮಾತು ಬಾಯಿಪಾಠದಂತೆ ಒಪ್ಪಿಸಿದನಂತೆ: ಮೊದಲ ಸಲ ಕೇಸಿನಲ್ಲಿ ಸಿಕ್ಕವನು ಆ ಅಪರಾಧದ ಪೂರ್ಣ ಶಿಕ್ಷೆಯ ಮೂರರಲ್ಲಿ ಒಂದು ಪಾಲು ಒಳಗೆ ಕಳೆದಿದ್ದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕು, ಅದನ್ನು ಕೋರ್ಟಿಗೆ ತಿಳಿಸುವುದು ಜೈಲಿನ ಮುಖ್ಯಸ್ಥನದೇ ಕೆಲಸ. ತನ್ನ ಪಾಲು ಯಾವಾಗಲೋ ಮುಗಿದಿದೆ, ವಕೀಲರನ್ನು ಯಾರಾದರೂ ಕೇಳಿ ಎಂದು ಹೇಳಿ ಕಳಿಸಿದ್ದ.

ನನಗೆ ಎದೆ ತುಂಬಿ ಬಂತು. ನಾವು ಕೊಟ್ಟ ಪುಸ್ತಕ ಕೆಲಸ ಮಾಡುತ್ತಿದೆ! ಮರುದಿನವೇ ಬಸ್ಸು ಹಿಡಿದು ಹೊರಟೆ. ಈರಣ್ಣನನ್ನು ಕಂಡು ಧೈರ್ಯ ಹೇಳಬೇಕು, ಬಸವರಾಜನಿಗೂ ಒಂದು ಶಾಬಾಸಕಿ ಕೊಡಬೇಕು ಎಂದಿತ್ತು. ಹೋಗಿ ಮುಟ್ಟಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಬಸವರಾಜ ಆಫೀಸಿನಲ್ಲಿ ಕೂರಿಸಿ, ಪುಸ್ತಕದ ಮಾತು ತೆಗೆದ ಕೂಡಲೇ ಹೆಮ್ಮೆಯಿಂದ ತನ್ನ ಕುರ್ಚಿಯ ಹಿಂದಿನ ಗೋಡೆ ತೋರಿಸಿದ.

ಅಲ್ಲಿ ದೇವರ ಜಗಲಿಯಂಥ ಒಂದು ಕಟ್ಟೆ. ಅದರ ಮೇಲೆ ಲಾಠಿ, ಕೈಬೇಡಿ, ಹಳೆಯ ಬೀಗದ ಕೀಲಿಗಳ ಗೊಂಚಲು. ನಡುವೆ ನನ್ನ ಗಂಟು. ಅದರ ಸುತಳಿಯ ಮೇಲೆ ಅರಿಸಿನ ಕುಂಕುಮ ಗಟ್ಟಿಯಾಗಿ ಒಣಗಿ ಕೂತಿತ್ತು, ಅದಕ್ಕೆ ಬಾಡಿದ ಚೆಂಡುಹೂವಿನ ಎಸಳು ಅಂಟಿಕೊಂಡಿದ್ದವು.

"ಖಂಡೆ ಪೂಜಾಕ್ಕ ಇಟ್ಟಿದ್ವಿ ಸರ. ಹಂಗ ಐತಿ ನೋಡ್ರಿ, ಯಾರ ಕೈಯೂ ಹಚ್ಚಿಲ್ಲ. ಸೋಮಾರ ಸೋಮಾರ ಊದಿನಕಡ್ಡಿ ಬೆಳಗತೇವಿ."

ನವರಾತ್ರಿಯ ಖಂಡೆ ಪೂಜೆಯಲ್ಲಿ ಆಯುಧದ ಜೊತೆ ಪುಸ್ತಕವನ್ನೂ ಪೂಜೆಗೆ ಇಡುವುದು, ಇಟ್ಟದ್ದನ್ನು ಪೂಜೆ ಮುಗಿಯುವ ತನಕ ಓದದಿರುವುದು ನಮ್ಮ ಮನೆಗಳಲ್ಲೂ ಇದೆ. ಹಬ್ಬ ಮುಗಿದ ಮೇಲೆ ತೆಗೆಯುತ್ತೇವೆ. ಇವರು ತೆಗೆದೇ ಇರಲಿಲ್ಲ. ಯಾಕೆ ಎಂದು ಕೇಳಿದೆ. "ಪುಸ್ತಕ ಅಂದ್ರ ಸರಸ್ವತಿ ಸರ, ಅಂಥವರ ಕೈಯಾಗ ಹೆಂಗ ಕೊಡಾಕ ಬರತೈತಿ" ಎಂದ. ಅವನ ಮುಖದಲ್ಲಿ ಕಪಟವಿರಲಿಲ್ಲ. ನಿಜವಾದ ಭಕ್ತಿಯಿತ್ತು. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ಕಳ್ಳನಾಗಿದ್ದರೆ ಬೈದು ಬರಬಹುದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಇವನಿಗೆ ಪಾಠ ಹೇಳಿದವನೇ ನಾನು. ಕೋರ್ಟಿಗೆ ಬರೆಯಬೇಕಾದ ಕರ್ತವ್ಯ ಈ ಮನುಷ್ಯನದು. ಆ ಕರ್ತವ್ಯವನ್ನು ಹೇಳುವ ಪುಸ್ತಕ ಅವನ ಬೆನ್ನ ಹಿಂದೆಯೇ, ಅವನೇ ಹಚ್ಚಿದ ಊದಿನಕಡ್ಡಿಯ ಹೊಗೆ ಕುಡಿಯುತ್ತ ಕೂತಿತ್ತು.

ಸಿಟ್ಟಿನ ಭರದಲ್ಲಿ ಮುಖ್ಯ ಪ್ರಶ್ನೆ ನನಗೆ ಹೊಳೆದದ್ದೇ ತಡವಾಗಿ. ಗಂಟು ಬಿಚ್ಚಿಲ್ಲವಾದರೆ ಈರಣ್ಣ ಓದಿದ್ದು ಏನನ್ನು? ಬೇರೆ ಪ್ರತಿ ಇದೆಯೇ ಎಂದು ಕೇಳಿದೆ. ಒಳಗೆ ಒಂದು ಕ್ಯಾಲೆಂಡರ್ ಬಿಟ್ಟರೆ ಅಚ್ಚಾದ ಕಾಗದವೇ ಇಲ್ಲ ಎಂದ ಬಸವರಾಜ.

ಈರಣ್ಣನನ್ನು ಕಬ್ಬಿಣದ ಜಾಳಿಗೆಯ ಆಚೆ ತಂದು ನಿಲ್ಲಿಸಿದರು. ಬಡಕಲಾಗಿದ್ದ, ಆದರೆ ಕಣ್ಣಲ್ಲಿ ಹುರುಪಿತ್ತು. ನಾನು ಏನೂ ಕೇಳುವ ಮೊದಲೇ ಕೈಪಿಡಿಯ ಮಾತು ಶುರು ಮಾಡಿದ. ಏಳನೇ ಇಯತ್ತೆ ಕಲಿತ ಗೌಂಡಿ ಆಡುವ ಮಾತಲ್ಲ ಅದು, ಪುಸ್ತಕದ ವಾಕ್ಯ, ಪುಸ್ತಕದ ಜೋಡಣೆ. ನೀನು ಓದಿದೆಯಾ ಎಂದೆ.

"ಎಲ್ಲಿ ಓದೂದ್ರಿ? ಕೇಳೂದು. ಸಂಜಿಮುಂದ ಆಫೀಸ್ ಖೋಲಿಯಾಗ ಓದೂದು ನಡೀತೈತಲ್ರಿ, ಎಲ್ಲಾರೂ ಗ್ವಾಡಿ ಕಡೆ ಮಾರಿ ಮಾಡಿ ಕುಂತ ಕೇಳತೇವಿ. ಶ್ರಾವಣದಾಗ ಮಠದಾಗ ಪುರಾಣ ಹಚ್ಚತಾರಲ್ಲ, ಹಂಗ. ಒಂದ್ ಸಾಲ ಓದೂದು, ಬಿಡಿಸಿ ಹೇಳೂದು."

ಒಂದು ಕಡೆ ಓದುವುದು ತಡವರಿಸಿತಂತೆ. "ಇಲ್ಲಿ ಅರ್ಧಾ ಹಾಳಿ ಹರದೈತಿ, ಉಳದದ್ದಷ್ಟ ಓದತೇನಿ" ಎಂದು ಹೇಳಿ ಮುಂದೆ ಹೋಯಿತಂತೆ. ಅದು ಮೇಲ್ಮನವಿಯ ಪಾಠದಲ್ಲಿ ಎಂದ. ಓದುವವರು ಯಾರು ಎಂದು ನಾನು ಕೇಳುವಷ್ಟರಲ್ಲಿ ವಾರ್ಡರ್ ಟೈಮ್ ಆಯಿತೆಂದು ಅವನನ್ನು ಕರೆದುಕೊಂಡು ಹೋದ.

ನಾನು ಆಫೀಸಿಗೆ ಮರಳಿದೆ. ಕಿಟಕಿಯ ಬಿಸಿಲು ಕೆಂಪಾಗಿತ್ತು. ಬಸವರಾಜ ಏನೋ ಸಹಿ ಮಾಡುತ್ತಿದ್ದ. ಕೋಣೆಯಲ್ಲಿ ನಾವಿಬ್ಬರೇ. ಗಂಟು ಕಟ್ಟೆಯ ಮೇಲೆ ಹಾಗೆಯೇ ಇತ್ತು. ಆಗ ಗೋಡೆಯ ಆಚೆಯಿಂದ ಕೇಳಿಸಿತು: "ಹೂಂ."

ಒಬ್ಬರದಲ್ಲ, ಬಹಳ ಜನರದು, ಒಟ್ಟಿಗೆ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ "ಹೂಂ." ಕಥೆ ಹೇಳುವವನಿಗೆ ಕೇಳುವವರು ಹೂಂಗುಟ್ಟುತ್ತಾರಲ್ಲ, ಥೇಟ್ ಹಾಗೆ. ಎರಡು ಹೂಂಗಳ ನಡುವೆ ಒಂದು ವಾಕ್ಯ ಹಿಡಿಸುವಷ್ಟು ಅಂತರ. ಆ ವಾಕ್ಯ ಮಾತ್ರ ನನಗೆ ಕೇಳಿಸುತ್ತಿರಲಿಲ್ಲ. ನಾನು ಕಿವಿ ಕೊಟ್ಟೆ, ಉಸಿರು ಬಿಗಿಹಿಡಿದೆ. ಫ್ಯಾನಿನ ಸದ್ದು, ಬಸವರಾಜನ ಪೆನ್ನಿನ ಸದ್ದು, ಅಷ್ಟೇ.

"ದಿನಾ ಹಿಂಗ ಮಾಡತಾರ್ರಿ. ಏನರ ಭಜನಿ ಇರಬೇಕು" ಎಂದ ಬಸವರಾಜ, ತಲೆ ಎತ್ತದೆ.

ನಾನು ಎದ್ದು ಹೋಗಿ ಗಂಟಿಗೆ ಕೈ ಹಾಕಿದೆ. ಸುತಳಿ ನಾನು ಬಿಗಿದಂತೆಯೇ ಇತ್ತು. ಒಣಗಿದ ಕುಂಕುಮದ ಹಕ್ಕಳೆ ನನ್ನ ಉಗುರಿಗೆ ಕಿತ್ತು ಬಂತು. ಸುತಳಿ ಬಿಚ್ಚಿದ ಕ್ಷಣಕ್ಕೆ ಗೋಡೆಯಾಚೆಯ ಹೂಂಗುಟ್ಟುವಿಕೆ ನಿಂತುಹೋಯಿತು. ಮತ್ತೆ ಬರಲಿಲ್ಲ. ಕೈಪಿಡಿ ತೆಗೆದು ಮೇಲ್ಮನವಿಯ ಪಾಠ ಹುಡುಕಿದೆ. ಹಾಳೆ ಅಡ್ಡಕ್ಕೆ ಅರ್ಧ ಹರಿದಿತ್ತು. ಹರಿದ ಅಂಚು ಈಗಿನದಲ್ಲ, ಕೈಯಾಡಿ ಮಾಸಿ ಮೆತ್ತಗಾಗಿತ್ತು.

ಬಸವರಾಜ ಗಾಬರಿಯಾಗಿ ಎದ್ದು ನಿಂತಿದ್ದ. ಹರಿದ ಹಾಳೆಗಲ್ಲ, ಪೂಜೆಯ ಗಂಟು ಬಿಚ್ಚಿದ್ದಕ್ಕೆ. ಕಾಲಲ್ಲಿದ್ದ ಚಪ್ಪಲಿಯನ್ನೂ ನಾನು ಕಳಚಿರಲಿಲ್ಲ ಎಂದು ಅವನ ಸಂಕಟ. ನಾನು ಬಾಯಿಗೆ ಬಂದಂತೆ ಬೈದೆ. ನಿನಗೆ ಅಕ್ಷರ ಕಲಿಸಿದ್ದು ಮಂಗಳಾರತಿ ಮಾಡಲಿಕ್ಕಲ್ಲ ಎಂದೆ. ಈಗಲೇ ಈ ಪುಸ್ತಕ ಒಳಗೆ ಕೊಡು ಎಂದೆ. ಮೇಲಿನವರನ್ನು ಕೇಳಬೇಕು, ಪುಸ್ತಕ ತಪಾಸಣೆ ಆಗಬೇಕು, ಕೈಬರಹ ಏನಾದರೂ ಇದ್ದರೆ ನಮ್ಮ ಕುತ್ತಿಗೆಗೆ ಬರುತ್ತದೆ ಎಂದ. ದೇವರಾಗಿದ್ದ ತನಕ ತಪಾಸಣೆ ಬೇಕಿರಲಿಲ್ಲ, ಪುಸ್ತಕವಾದ ಕೂಡಲೇ ಬೇಕಾಯಿತು. ನನ್ನ ಕಣ್ಣೆದುರೇ ಎಲ್ಲವನ್ನೂ ತಿಜೋರಿಗೆ ಹಾಕಿ ಬೀಗ ಜಡಿದ.

ಈರಣ್ಣನ ಮಾತನ್ನು ಕೈಪಿಡಿ ಕೊಟ್ಟ ಆ ಪರಿಚಯದ ವಕೀಲರಿಗೆ ಒಪ್ಪಿಸಿದೆ. ಅವರು ಲೆಕ್ಕ ಹಾಕಿ ನೋಡಿ, ಈತ ಎಂದೋ ಹೊರಗೆ ಬರಬೇಕಾಗಿತ್ತಲ್ಲ ಎಂದು ತಲೆ ಚಚ್ಚಿಕೊಂಡರು. ಅರ್ಜಿ ಹಾಕಿದರು. ಶಿವರಾತ್ರಿಯ ಹೊತ್ತಿಗೆ ಈರಣ್ಣ ಮನೆಯಲ್ಲಿದ್ದ. ಸುದ್ದಿ ಹೇಗೋ ಹರಡಿತು. ಸವದತ್ತಿ, ರಾಮದುರ್ಗದ ಕಡೆಯಿಂದಲೂ ಜನ ನನ್ನನ್ನು ಹುಡುಕಿಕೊಂಡು ಬಂದು ಕೇಳಿದರು. ಎಲ್ಲರಿಗೂ ಬೇಕಾದದ್ದು ಪವಾಡ. ಅದು ಎಂಥ ಶಕ್ತಿ, ಗಂಡು ದನಿಯೋ ಹೆಣ್ಣು ದನಿಯೋ, ಆ ಜಾಗದಲ್ಲಿ ಹಿಂದೆ ಯಾರದಾದರೂ ಗದ್ದುಗೆ ಇತ್ತೋ? ಪುಸ್ತಕ ಯಾಕೆ ಕಟ್ಟಿ ಇಟ್ಟಿದ್ದರು ಎಂದು ಕೇಳಿದವರು ಒಬ್ಬರೂ ಇಲ್ಲ. ಬಸವರಾಜನಂತೂ ಫೋನಿನಲ್ಲಿ ಹೇಳಿದ: "ನೋಡ್ರಿ ಸರ, ಪೂಜಾ ಮಾಡಿದ್ದು ಖಾಲಿ ಹೋಗಲಿಲ್ಲ." ನಾನು ಫೋನು ಇಟ್ಟುಬಿಟ್ಟೆ.

ಪುಸ್ತಕಗಳನ್ನು ಒಳಗಿನವರಿಗೆ ಕೊಡಿರೆಂದು ಮೇಲಿನ ಆಫೀಸಿಗೆ ಮೇಲಿಂದ ಮೇಲೆ ಬರೆದೆ. ಬಹಳ ದಿನಗಳ ಮೇಲೆ ಉತ್ತರ ಬಂತು. ತಾವು ದಾನ ನೀಡಿದ ಪುಸ್ತಕಗಳು ಸುರಕ್ಷಿತವಾಗಿವೆ ಎಂದಿತ್ತು.

ನಾನು ಎಲ್ಲ ಬಗೆಯಲ್ಲಿ ಯೋಚಿಸಿ ನೋಡಿದ್ದೇನೆ. ಯಾರೋ ವಕೀಲರು ಒಳಗೆ ಹೇಳಿರಬಹುದು ಎಂದುಕೊಂಡರೆ, ಹರಿದ ಹಾಳೆಯ ಸಂಗತಿ ಅವರಿಗೆ ಹೇಗೆ ಗೊತ್ತು? ನನಗೇ ಗೊತ್ತಿರಲಿಲ್ಲ. ಯಾರೋ ಕದ್ದು ಬಿಚ್ಚಿ ಓದಿರಬಹುದು ಎಂದರೆ, ಒಣಗಿದ ಕುಂಕುಮ ಬಿರಿಯದೆ ಹೇಗೆ ಉಳಿಯಿತು? ಯಾವ ದಾರಿ ಹಿಡಿದರೂ ಅರ್ಧಕ್ಕೇ ನಿಲ್ಲುತ್ತೇನೆ.

ಬಿಡುಗಡೆಯಾಗಿ ಕೆಲವು ದಿನಕ್ಕೆ ಈರಣ್ಣ, ರೇಣವ್ವ ಮನೆಗೆ ಬಂದರು. ಕಾಲಿಗೆ ಬಿದ್ದು ಎದ್ದು, ಚಹಾ ಕುಡಿದು, ಈರಣ್ಣ ಮುಜುಗರದಿಂದ ಕೇಳಿದ.

"ಸರ, ಓದೂದು ಯಾಕ ಬಿಟ್ರಿ?"

ಏನು ಓದುವುದಪ್ಪಾ ಎಂದೆ.

"ನೀವು ಬಂದ್ ಹ್ವಾದ ದಿನದಿಂದ ನಿಂತ ಬಿಟ್ಟೈತಿ. ಪುಸ್ತಕಾ ಕೊಟ್ಟಾಗ ಭಾಷಣಾ ಮಾಡಿದ್ರಲ್ಲ, ಎಲ್ಲಾರಿಗೂ ನಿಮ್ಮ ದನಿ ಗುರ್ತ ಐತ್ರಿ. ಸರ ಇಷ್ಟ ವಯಸ್ಸಿನ್ಯಾಗ ದಿನಾ ಬಂದು ಓದತಾರ ಅಂತ ಮಾತಾಡತಿದ್ವಿ. ಇನ್ನೂ ಅರ್ಧಾ ಪುಸ್ತಕ ಉಳದೈತಿ. ಒಳಗಿದ್ದವ್ರು ಸಂಜಿ ಆತಂದ್ರ ಗ್ವಾಡಿ ಕಡೆ ಮಾರಿ ಮಾಡಿ ಕುಂದ್ರತಾರ. ಸರಗ ಆರಾಮ ಇಲ್ಲೇನು, ಕೇಳಕೊಂಡ ಹೇಳಿ ಕಳಸು ಅಂದಾರ್ರಿ."

ಸಮಾರಂಭದ ದಿನ ಬಿಟ್ಟರೆ ನಾನು ಆ ಜೈಲಿನ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಈರಣ್ಣನನ್ನು ಕಾಣಲು. ನಾನಲ್ಲಪ್ಪಾ, ಆಣೆ ಮಾಡಿ ಹೇಳುತ್ತೇನೆ, ನಾನಲ್ಲ ಎಂದೆ. ಅವನು ನಂಬಲಿಲ್ಲ. ಎದ್ದು ನಿಂತ. ಬಾಗಿಲಿಗೆ ಹೋದವನು ತಿರುಗಿ ನೋಡಿದ.

"ಹಂಗಾರ ಇನ್ನ ಅವ್ರಿಗೆ ಯಾರ ಓದಬೇಕ್ರಿ?"