ಮೊದಲ ದೋಸೆ ಯಾರದು

ವರ್ಷಗಳ ನಂತರ ನಾನು ಮತ್ತೆ ಬ್ಲಾಗ್ ಶುರುಮಾಡಿದ್ದು ಕನ್ನಡದ ಸೇವೆಗಲ್ಲ, ಒಬ್ಬನ ಹೊಟ್ಟೆ ಉರಿಸುವುದಕ್ಕೆ. ಅವನು ಓದಲಿ, ಓದಿ ಅವನ ಗಂಟಲಲ್ಲಿ ಅನ್ನ ಇಳಿಯದಿರಲಿ ಎಂದು ಬೇಡಿಕೊಂಡೇ ಒಂದೊಂದು ಕಂತನ್ನೂ ಹಾಕಿದ್ದೇನೆ.

ಸರೋಜಿನಿ ನಗರದಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಕರಾವಳಿಯಿಂದ ಬಂದ ಅತ್ತೆ-ಮಾವ ಕಟ್ಟಿದ್ದು. ಮಾವ ಹೋದಮೇಲೂ ದಿನದ ಮೊದಲ ದೋಸೆಯನ್ನು ಅತ್ತೆಯೇ ಎರೆಯುತ್ತಾರೆ. ಕಾವಲಿ ಇನ್ನೂ ಪಳಗಿರುವುದಿಲ್ಲ, ದೋಸೆ ಅಂಟಿ ಹರಿಯುತ್ತದೆ. ಅದನ್ನು ಎತ್ತಿಟ್ಟು ಆಮೇಲೆ ತಾವೇ ತಿನ್ನುತ್ತಾರೆ, ಯಾರಿಗೂ ಕೊಡುವುದಿಲ್ಲ. ಯಾಕೆ ಎಂದು ಕೇಳಿದರೆ “ಹಾಗೇ” ಎನ್ನುತ್ತಾರೆ.

ಅತ್ತೆಯನ್ನು ನೋಡಿಯೇ ನಾನು ಹಳೆಯ ಬ್ಲಾಗಿನಲ್ಲಿ ಒಂದು ಮಾಯಾನಗರಿಯ ಕಥೆ ಹೆಣೆದಿದ್ದೆ. ಯಮುನೆಯ ತಳದಲ್ಲೊಂದು ಪಟ್ಟಣ. ಅಲ್ಲಿನ ಮುದುಕಿಯೊಬ್ಬಳ ಕಾವಲಿ ಬಿಸಿಯಾಗಿರುವವರೆಗೆ ನದಿ ಅದರ ಮೇಲೆ ಕುಸಿಯುವುದಿಲ್ಲ. ಅವಳೂ ಮೊದಲ ದೋಸೆ ಎತ್ತಿಡುತ್ತಾಳೆ. ಕಾರಣವನ್ನು ಕೊನೆಯ ಅಧ್ಯಾಯದಲ್ಲಿ ಹೇಳುತ್ತೇನೆ ಎಂದು ಓದುಗರಿಗೆ ಜಂಬದಿಂದ ಮಾತು ಕೊಟ್ಟಿದ್ದೆ. ಆ ಕಾರಣ ನನಗೂ ಗೊತ್ತಿರಲಿಲ್ಲ.

ಘಾಜಿಯಾಬಾದಿನಿಂದ ಪ್ರತಿ ಶನಿವಾರ ತಿಂಡಿಗೆ ಬರುತ್ತಿದ್ದ ನಮ್ಮೂರ ಕಡೆಯ ಹುಡುಗನೊಬ್ಬನಿದ್ದ, ದೊಡ್ಡ ಕಂಪನಿಯಲ್ಲಿ ಕೆಲಸ. ಅಕ್ಕಾ ಅಕ್ಕಾ ಎಂದು ಹಿಂದೆ ಬಿದ್ದು ನನ್ನ ಕಥೆ ಓದುತ್ತಿದ್ದ. ಒಂದು ದಿನ ನೋಡುತ್ತೇನೆ, ನನ್ನ ಪಟ್ಟಣ, ನನ್ನ ಮುದುಕಿ, ಎಲ್ಲವೂ ಅವನ ಪುಟದಲ್ಲಿ ಅವನ ಹೆಸರಲ್ಲಿ ಧಾರಾವಾಹಿಯಾಗಿ ಬರುತ್ತಿವೆ. ಮೈಯೆಲ್ಲ ಉರಿದುಹೋಯಿತು. ಇನ್ನು ಕದಿಯಲು ಏನೂ ಸಿಗಬಾರದೆಂದು ಬ್ಲಾಗನ್ನೇ ಅಳಿಸಿಹಾಕಿದೆ. ಆಮೇಲೆ ಫೋನ್ ಮಾಡಿ ಬೈದರೆ ಅವನು ತಣ್ಣಗೆ ಕೇಳಿದ: “ನಿಮ್ಮದು ಅಂತೀರಲ್ಲ ಅಕ್ಕಾ, ಎಲ್ಲಿದೆ ತೋರಿಸಿ.”

ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡಿದ್ದೆ. ಎಷ್ಟೋ ಕಾಲ ಒಂದು ಸಾಲು ಬರೆಯಲಿಲ್ಲ, ಆದರೆ ಅವನ ಕಂತುಗಳನ್ನು ಹಲ್ಲು ಕಚ್ಚಿಕೊಂಡು ಓದುತ್ತಿದ್ದೆ. ಒಂದು ಕಂತಿನಲ್ಲಿ ಅವನ ಮುದುಕಿ ಮೊದಲ ದೋಸೆಯನ್ನು ನಾಗದೇವರಿಗೆ ನೈವೇದ್ಯ ಮಾಡಿದಳು. ನಾನು ಅಡುಗೆಮನೆಯಲ್ಲೇ ಬಿದ್ದು ಬಿದ್ದು ನಕ್ಕೆ. ಹರಿದ ದೋಸೆಯನ್ನು ದೇವರಿಗೆ ಇಡುತ್ತಾರೆಯೇ? ಅಷ್ಟು ಶನಿವಾರ ನಮ್ಮಲ್ಲಿ ತಿಂದವನು ಒಮ್ಮೆಯೂ ಒಳಗೆ ಇಣುಕಿ ನೋಡಿರಲಿಲ್ಲ.

ಅವತ್ತೇ ಹೊಸ ಬ್ಲಾಗ್ ತೆರೆದೆ. ಕಥೆಯನ್ನು ಕಾದಂಬರಿಯಾಗಿ ಬೆಳೆಸಿ, ತಿದ್ದಿದ್ದನ್ನೆಲ್ಲ ವಾರವಾರ ಹಾಕತೊಡಗಿದೆ. ಮಾಡಿದ ಮೊದಲ ತಿದ್ದುಪಡಿಯೆಂದರೆ, ಅವನು ಕದ್ದ ಪಟ್ಟಣವನ್ನು ಮೊದಲ ಅಧ್ಯಾಯದಲ್ಲೇ ಮುಳುಗಿಸಿದ್ದು. ಒಂದು ಗೋಡೆಯನ್ನೂ ಉಳಿಸಲಿಲ್ಲ. ಮುದುಕಿ ಮಾತ್ರ ಕಾವಲಿ ಹೊತ್ತು ದಡಕ್ಕೆ ಬಂದಳು. “ಇಂಥದೇ ಪಟ್ಟಣ ಬೇರೆ ಕಡೆ ಓದಿದ್ದೇವಲ್ಲ?” ಎಂದು ಕೇಳಿದವರಿಗೆ, “ಅಲ್ಲಿ ಇನ್ನೂ ನಿಂತಿದೆಯಾ, ಪಾಪ” ಎಂದು ಉತ್ತರಿಸಿದೆ. ಆ ಸುಖವನ್ನು ಏನೆಂದು ಹೇಳಲಿ!

ಅವನ ಧಾರಾವಾಹಿ ನಿಂತಿತು. ನನ್ನದೂ ಕೊನೆಯ ಅಧ್ಯಾಯಕ್ಕೆ ಬಂದು ನಿಂತಿತು. ಕನ್ನಡ ಓದಲು ಬಾರದೆ ನನ್ನಿಂದ ಓದಿಸಿ ಕೇಳುವ ಮಗಳು ದಿನವೂ ಪೀಡಿಸುತ್ತಿದ್ದಳು: “ಅಮ್ಮಾ, ದೋಸೇ ಕಾ ರೀಸನ್ ಹೇಳಲೇ ಇಲ್ಲ ನೀನು.” ಬರೆದು ಬರೆದು ಅಳಿಸಿದೆ. ಕಾರಣ ಹೊಳೆಯದಿದ್ದರೆ ನನಗೂ ಆ ಕಳ್ಳನಿಗೂ ಏನು ವ್ಯತ್ಯಾಸ ಎಂಬ ಭಯ ಹಿಡಿಯಿತು.

ಮೊನ್ನೆ ಶನಿವಾರ ಹೋಟೆಲಿನ ಬಾಗಿಲು ತೆರೆಯುವ ಹೊತ್ತಿಗೇ ಅವನು ಬಂದು ಕೂತ, ಏನೂ ಆಗಿಲ್ಲವೆಂಬಂತೆ.

“ಅಕ್ಕಾ, ಹಳೇದೆಲ್ಲ ಬಿಡಿ. ಚಲೋ, ಸೇರಿ ಬರೆಯೋಣ. ನಾಗನ ಕಥೆಯನ್ನ ಯಾರೂ ಒಪ್ತಿಲ್ಲ. ಆ ಮೊದಲ ದೋಸೆ ಯಾಕೆ ಅಂತ ಹೇಳಿ ಸಾಕು.”

“ಹೇಳ್ತೀನಿ, ಕೂತಿರು” ಎಂದು ಒಳಗೆ ಹೋದೆ. ಅತ್ತೆ ಆಗಷ್ಟೇ ಎರೆದಿದ್ದರು. ಅಂಟಿ, ಹರಿದು, ಒಂದು ಕಡೆ ಕರಕಲಾದ ಆ ದೋಸೆಯನ್ನೇ ತಟ್ಟೆಗೆ ಹಾಕಿಕೊಂಡೆ. ನಿನ್ನ ಯೋಗ್ಯತೆಗೆ ಇದು ಸಾಕು ಎಂದು ಅವನ ಮುಂದೆ ಬಡಿಯಬೇಕೆಂದಿದ್ದೆ.

ಅತ್ತೆ ಗಬಕ್ಕನೆ ತಟ್ಟೆ ಹಿಡಿದರು. “ಯಾರಿಗೆ? ಅವನಿಗಾ? ಇಲ್ಲಿ ತಾ. ಒಲೆ ಹಚ್ಚಿ ಕಾವಲಿ ಪಳಗಿಸಿದವರದ್ದು ಇದು. ಅವನು ಗಿರಾಕಿ, ಎರಡನೆಯದು ಕೊಡು.”

ನಾನು ತಟ್ಟೆ ಬಿಟ್ಟುಕೊಟ್ಟೆ. ಇಷ್ಟು ವರ್ಷ ಅದನ್ನು ಕೆಟ್ಟ ದೋಸೆ ಎಂದೇ ತಿಳಿದಿದ್ದೆ. ಅತ್ತೆ ನನ್ನ ಮುಖ ನೋಡಿದರು, ದೋಸೆಯನ್ನು ಮುರಿದು ಅರ್ಧ ನನ್ನ ಕೈಗಿಟ್ಟರು.

ಅವನಿಗೆ ಎರಡನೆಯದನ್ನು ಕೊಟ್ಟೆ, ಗರಿಗರಿಯಾದದ್ದು, ಚಟ್ನಿಯ ಜೊತೆ. “ಕಾರಣ?” ಎಂದ. ಅವನ ಮೇಜಿನ ಎದುರೇ ನಿಂತು, ನನ್ನ ಪಾಲಿನ ಹರಿದ ಅರ್ಧವನ್ನು ನಿಧಾನವಾಗಿ ತಿಂದೆ.