ಮುನ್ನೂರನ್ನು ನಾನೂರೈವತ್ತು ಮಾಡಿದ ಬೇಸಿಗೆ

ಹೋಳಿ ಹುಣ್ಣಿಮೆ ಕಳೆಯಿತೆಂದರೆ ಕಲಬುರಗಿಯ ನಮ್ಮ ಬ್ರಹ್ಮಪುರದ ಓಣಿಯಲ್ಲಿ ಕೂಲರುಗಳು ಅಟ್ಟದಿಂದ ಇಳಿಯುತ್ತವೆ. ಹಳೆಯ ಹುಲ್ಲು ಕಿತ್ತುಹಾಕಿ, ಹೊಸದು ತುಂಬಿ, ನೀರು ಹೊಯ್ದು ಗುಂಡಿ ಒತ್ತಿದರೆ ಮೊದಲ ಗಾಳಿಯ ಜೊತೆ ಒಂದು ಹಸಿ ವಾಸನೆ ಬರುತ್ತದೆ. ನಿನ್ನೆ ನಮ್ಮ ಮನೆಯಲ್ಲೂ ಬಂತು. ಆ ವಾಸನೆಗೆ ಉಳಿದವರಿಗೆ ಮಾವಿನಹಣ್ಣು ನೆನಪಾಗುತ್ತದಂತೆ, ಶಾಲೆಯ ಸೂಟಿ ನೆನಪಾಗುತ್ತದಂತೆ. ನನಗೆ ಪ್ರೊಸೆಸರ್ ನೆನಪಾಗುತ್ತದೆ. ನಗಬೇಡಿ. ನೀವೂ ನಮ್ಮವರ ಕೈ ಹಿಡಿದಿದ್ದರೆ ನಿಮಗೂ ಅದೇ ನೆನಪಾಗುತ್ತಿತ್ತು.

ನಮ್ಮವರು, ಅಂದರೆ ನನ್ನ ಗಂಡ, ಆಗ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಅವರ ಕೆಲಸದ ವೇಗ ಹೇಗಿತ್ತೆಂದು ಹೆಂಡತಿಯಾದ ನಾನು ಹೇಳಬಾರದು. ಅವರ ಮೇಜಿಗೆ ಬಂದ ಅರ್ಜಿಗಳು ಅಲ್ಲೇ ಸಂಸಾರ ಹೂಡಿ ಮೊಮ್ಮಕ್ಕಳನ್ನು ಕಂಡವು ಎಂದು ಜೊತೆಗಾರರು ಆಡಿಕೊಳ್ಳುತ್ತಿದ್ದರು, ನಾನಂತೂ ಹೇಳಿದವಳಲ್ಲ. ಇಂಥ ಮನುಷ್ಯನಿಗೆ ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತರೆ ಮಾತ್ರ ಎಲ್ಲವೂ ಕಣ್ಣು ಮಿಟುಕಿಸುವುದರೊಳಗೆ ಆಗಬೇಕಿತ್ತು.

ಹೊಸ ಶತಮಾನ ಆಗಷ್ಟೇ ಕಣ್ಣು ಬಿಟ್ಟಿತ್ತು. ನಾನು ಸೂಪರ್ ಮಾರ್ಕೆಟ್ಟಿನ ಬಳಿ ಒಂದು ಕ್ಲಾಸಿಗೆ ಹೋಗಿ ಡಿಟಿಪಿ ಕಲಿತಿದ್ದೆ. ಇವರು ಹೈದರಾಬಾದಿನಿಂದ ಒಂದು ಹಳೆಯ ಕಂಪ್ಯೂಟರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದುಕೊಟ್ಟರು. ಹೊರಕೋಣೆಯಲ್ಲಿ ಕೂತು ನಾನು ಲಗ್ನಪತ್ರಿಕೆ ಮಾಡತೊಡಗಿದೆ. ಅಕ್ಷರ ಜೋಡಿಸಿ ಪ್ರಿಂಟ್ ತೆಗೆದುಕೊಡುವುದು ನನ್ನ ಕೆಲಸ, ಅದನ್ನು ಕಾರ್ಡಿನ ಮೇಲೆ ಅಚ್ಚು ಹಾಕುವುದು ಪ್ರೆಸ್ಸಿನವರ ಕೆಲಸ. ಕಂಪ್ಯೂಟರಿನ ವೇಗ ಮುನ್ನೂರು ಮೆಗಾಹರ್ಟ್ಸ್. ಮದುಮಗ ಮದುಮಗಳ ಹೆಸರು ಬರೆಯಲು ಅದು ಧಾರಾಳವಾಗಿ ಸಾಕಿತ್ತು.

ಆದರೆ ಇವರ ಕಚೇರಿಯಲ್ಲಿ ಯಾರೋ ಒಬ್ಬರು ಹೊಚ್ಚ ಹೊಸ ಕಂಪ್ಯೂಟರ್ ಕೊಂಡುಬಿಟ್ಟರು. ಅವತ್ತು ರಾತ್ರಿ ಇವರಿಗೆ ರೊಟ್ಟಿ ಸೇರಲಿಲ್ಲ. ವಾರದೊಳಗೆ ಎಲ್ಲಿಂದಲೋ ಒಂದು ಕಂಪ್ಯೂಟರ್ ಪತ್ರಿಕೆ ಸಂಪಾದಿಸಿ, ಹಳೆಯ ಪ್ರೊಸೆಸರನ್ನೇ ಒಂದು ಪೈಸೆ ಖರ್ಚಿಲ್ಲದೆ ಜೋರಾಗಿ ಓಡಿಸಬಹುದೆಂದು ಓದಿಕೊಂಡರು. ಅದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರಂತೆ.

“ಕಂಪನಿಯವ್ರು ಬೇಕಂತನೇ ಇದರ ಕಾಲು ಕಟ್ಟಿ ಕೊಟ್ಟಾರ,” ಎಂದರು. “ನಾ ಬಿಚ್ತೀನಿ, ನೋಡು.”

ಮದರ್‌ಬೋರ್ಡಿನ ಮೇಲೆ ಸೂಜಿಯಂಥ ಕಡ್ಡಿಗಳಿರುತ್ತವೆ. ಅವುಗಳ ತಲೆಗೆ ತೊಗರಿಕಾಳಿನಷ್ಟು ಗಾತ್ರದ ಒಂದು ಕಪ್ಪು ಟೋಪಿ, ಅದರ ಹೆಸರು ಜಂಪರ್. ಅದನ್ನು ನನ್ನದೇ ಹೇರ್‌ಪಿನ್ನಿನಿಂದ ಎತ್ತಿ ಪಕ್ಕದ ಕಡ್ಡಿಗೆ ತೊಡಿಸಿದರು. ಕಂಪ್ಯೂಟರ್ ಚಾಲೂ ಮಾಡಿದಾಗ ಪರದೆಯ ಮೇಲೆ ಮುನ್ನೂರರ ಬದಲು ನಾನೂರೈವತ್ತು ಎಂದು ಬಂತು. ಅಡಿಗೆಮನೆಯಿಂದ ನನ್ನನ್ನು ಕರೆದು ತೋರಿಸಿದರು. ಮಗಳು ಹುಟ್ಟಿದಾಗಲೂ ಅಷ್ಟು ಹಿಗ್ಗಿರಲಿಲ್ಲ. ನಾನು ಕೂತು ಟೈಪ್ ಮಾಡಿದೆ. ನನ್ನ ಬೆರಳುಗಳು ಮಾತ್ರ ಹಿಂದಿನ ವೇಗದಲ್ಲೇ ಇದ್ದವು, ಅವುಗಳಿಗೆ ತೊಡಿಸುವ ಟೋಪಿ ಇವರ ಬಳಿ ಇರಲಿಲ್ಲ.

ಮುಂದಿನ ವಾರವೇ ಬಿಸಿಲು ಏರಿತು. ಕಲಬುರಗಿಯ ಬಿಸಿಲನ್ನು ನಿಮಗೆ ವರ್ಣಿಸುವುದಿಲ್ಲ. ಕಂಡವರಿಗೆ ಗೊತ್ತು, ಕಾಣದವರು ನಂಬುವುದಿಲ್ಲ. ಹೊತ್ತು ನೆತ್ತಿಗೆ ಬರುವುದೇ ತಡ ಕಂಪ್ಯೂಟರ್ ಇದ್ದಲ್ಲೇ ನಿಂತುಬಿಡತೊಡಗಿತು. ಮೌಸಿನ ಬಾಣ ಅಲುಗದು, ಅಕ್ಷರ ಮೂಡದು, ಇದ್ದ ಚಿತ್ರ ಇದ್ದ ಹಾಗೆ. ರೀಸೆಟ್ ಗುಂಡಿ ಒತ್ತಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಇವರು ದೋಷ ಹುಡುಕಲು ಕೂತರು. ಮೊದಲು ವೋಲ್ಟೇಜಿನ ಮೇಲೆ ಗುಮಾನಿ, ಸ್ಟೆಬಿಲೈಜರ್ ಬಂತು. ಆಮೇಲೆ ಧೂಳಿನ ಮೇಲೆ, ಗೋಡೆಗೆ ಬಣ್ಣ ಬಳಿಯುವ ಕುಂಚದಿಂದ ಒಳಗೆಲ್ಲ ಗುಡಿಸಿದರು. ಆಮೇಲೆ ರ‍್ಯಾಮ್ ಕಿತ್ತು ಮಗಳ ರಬ್ಬರಿನಿಂದ ತಿಕ್ಕಿದರು. ವೈರಸ್ ಇರಬಹುದೆಂದರು. ಕೊನೆಗೆ ನಾನು ಕೀಲಿಗಳನ್ನು ರೊಟ್ಟಿ ಬಡಿದಂತೆ ಬಡಿಯುತ್ತೇನೆ, ಅದಕ್ಕೇ ಹೀಗೆ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಕಪ್ಪು ಟೋಪಿಯೊಂದನ್ನು ಬಿಟ್ಟು ಮನೆಯಲ್ಲಿರುವ ಸಕಲ ವಸ್ತುಗಳ ಮೇಲೂ ಅವರಿಗೆ ಅನುಮಾನವಿತ್ತು.

ಪ್ರೊಸೆಸರ್ ಬಿಸಿಯಾಗುತ್ತಿದೆ ಎಂದು ಕಡೆಗೂ ಒಪ್ಪಿದರು, ಆದರೆ ವೇಗ ಇಳಿಸಲು ಒಪ್ಪಲಿಲ್ಲ. ರೇಡಿಯೋ ರಿಪೇರಿ ಅಂಗಡಿಯಿಂದ ಒಂದು ಬಿಳಿ ಪೇಸ್ಟ್ ತಂದರು. ಅದನ್ನು ಪ್ರೊಸೆಸರಿಗೂ ಅದರ ಮೇಲೆ ಕೂರುವ ಲೋಹದ ತುಂಡಿಗೂ ನಡುವೆ ತೆಳ್ಳಗೆ ಸವರಬೇಕಂತೆ. ಇವರದು ದೈವಭಕ್ತರ ಮನೆತನ, ವಿಭೂತಿಯ ಹಾಗೆ ಮೂರು ಬೆರಳಿನಿಂದ ದಪ್ಪಗೆ ಬಳಿದರು. ಅದಕ್ಕೂ ಬಗ್ಗದಿದ್ದಾಗ ಕಂಪ್ಯೂಟರಿನ ಒಂದು ಮಗ್ಗುಲ ತಗಡು ಬಿಚ್ಚಿ, ಮನೆಯ ಒಂದೇ ಒಂದು ಕೂಲರನ್ನು ಎಳೆತಂದು ಅದರ ಎದುರು ನಿಲ್ಲಿಸಿದರು. ನಾವು ಮೂವರು ಕೂಲರಿನ ಬೆನ್ನ ಹಿಂದೆ ಬೆವರುತ್ತ ಕೂತೆವು. ಮಳೆಹನಿಯಂಥ ತುಂತುರು ಸಮೇತ ತಂಪುಗಾಳಿ ವಿದ್ಯುತ್ ಹರಿಯುವ ಯಂತ್ರದ ಹೊಟ್ಟೆಗೆ ನೇರವಾಗಿ ಹೋಗುತ್ತಿತ್ತು. ಅದು ಅಪಾಯವೆಂದು ಆ ಪತ್ರಿಕೆಯಲ್ಲಿ ಬರೆದಿರಲಿಲ್ಲ, ಇಂಥದ್ದನ್ನು ಯಾರಾದರೂ ಮಾಡಿಯಾರೆಂದು ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಆ ಬೇಸಿಗೆಯಲ್ಲೇ ನನ್ನ ತಮ್ಮನ ಲಗ್ನ ಗೊತ್ತಾಯಿತು. ನನ್ನ ತವರು ಕಮಲಾಪುರ. ನಾವು ಸಣ್ಣವರಿದ್ದಾಗಲೇ ಅಪ್ಪ ತೀರಿಕೊಂಡರು. ನಮ್ಮಿಬ್ಬರನ್ನೂ ಸಾಕಿ, ಓದಿಸಿ, ನನ್ನ ಲಗ್ನ ಮಾಡಿಕೊಟ್ಟವರು ದೊಡ್ಡಪ್ಪ ಸಿದ್ರಾಮಪ್ಪ. ಬಾಳೆಯ ತೋಟವಿತ್ತು, ಕೆಂಬಾಳೆಯ ಗೊನೆಯಷ್ಟೇ ಭಾರದ ಮಾನವೂ ಇತ್ತು. ಹಿಂದೆ ಮಂಡಲ ಪಂಚಾಯಿತಿಯ ಪ್ರಧಾನರಾಗಿದ್ದರು. ತಮ್ಮನ ಕಾರ್ಡನ್ನು ನಾನೇ ಮಾಡಬೇಕೆಂದು ಎಲ್ಲರ ಆಸೆ. ನಮ್ಮ ಕಡೆಯ ಲಗ್ನಪತ್ರಿಕೆ ಹೇಗಿರುತ್ತದೆಂದು ನಿಮಗೆ ಗೊತ್ತಿದೆಯಲ್ಲ. ಮುಹೂರ್ತ ಎಲ್ಲಿದೆ ಎಂದು ಹುಡುಕಬೇಕು, ಉಳಿದದ್ದೆಲ್ಲ ಕಾಕಾ ಮಾಮಾಗಳ ಹೆಸರು. ಹಿರಿತನ ತಪ್ಪಬಾರದು, ಯಾರೂ ಬಿಟ್ಟುಹೋಗಬಾರದು. ಬಿಟ್ಟುಹೋದರೆ ಆ ಮನೆಯ ಬಾಗಿಲು ಮುಂದಿನ ತಲೆಮಾರಿನವರೆಗೆ ಮುಚ್ಚಿದಂತೆ.

ಎಲ್ಲ ಹೆಸರು ಜೋಡಿಸಿ ಮುಗಿಸಿದ್ದೆ. ಅಷ್ಟರಲ್ಲಿ ದೊಡ್ಡಪ್ಪ ಫೋನ್ ಮಾಡಿ, ತಮ್ಮ ಹೆಸರು ಸಾಲಿನಲ್ಲಿ ಬೇಡ, ‘ಮಾಜಿ ಮಂಡಲ ಪ್ರಧಾನರು’ ಎಂಬುದರೊಂದಿಗೆ ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ ಬರಲಿ ಎಂದರು. ಸರಿ, ಇದ್ದಲ್ಲಿಂದ ಹೆಸರನ್ನು ಕಟ್ ಮಾಡಿದೆ. ಯಂತ್ರ ಯಾವಾಗ ನಿಲ್ಲುವುದೋ ಎಂದು ಹೆಜ್ಜೆಹೆಜ್ಜೆಗೂ ಸೇವ್ ಮಾಡಬೇಕೆಂಬುದು ನಮ್ಮವರ ಕಟ್ಟಪ್ಪಣೆ, ಸೇವ್ ಮಾಡಿದೆ. ಮೇಲೆ ಹೋಗಿ ಪೇಸ್ಟ್ ಮಾಡಬೇಕು, ಕಂಪ್ಯೂಟರ್ ನಿಂತಿತು. ಇವರು ಬಂದು ರಬ್ಬರು ಹಿಡಿದು ಕೂತರು. ನಾನು ಬೈಯುತ್ತ ಅಡಿಗೆಗೆ ಹೋದೆ. ಯಂತ್ರ ಜೀವ ಹಿಡಿಯುವ ಹೊತ್ತಿಗೆ ನನ್ನ ತಮ್ಮ, ಪ್ರೆಸ್ಸು ಮುಚ್ಚೀತೆಂದು, ಬಾಗಿಲಲ್ಲಿ ಕುಣಿಯುತ್ತಿದ್ದ. ಎಲ್ಲ ಸೇವ್ ಆಗಿದೆಯಲ್ಲ ಎಂದು ಇವರೇ ಪ್ರಿಂಟ್ ತೆಗೆದು ಅವನ ಕೈಗಿಟ್ಟು ಕಳಿಸಿದರು. ಅವನಾದರೂ ಓದಬೇಡವೇ? ಮದುಮಗ ಪತ್ರಿಕೆಯಲ್ಲಿ ಓದುವುದು ಮದುಮಗಳ ಹೆಸರೊಂದನ್ನೇ.

ಕಾರ್ಡುಗಳು ಕಮಲಾಪುರ ಮುಟ್ಟಿದವು. ದೊಡ್ಡಪ್ಪ ಚಾಳೀಸು ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರಂತೆ, ಕೆಳಗಿನಿಂದ ಮೇಲಕ್ಕೂ ಓದಿದರಂತೆ, ತಮ್ಮ ಹೆಸರು ಎಲ್ಲೂ ಸಿಗಲಿಲ್ಲ. ಕೂಗಾಡಲಿಲ್ಲ. ಕಾರ್ಡನ್ನು ಮಡಚಿ ಕಿಟಕಿಯಲ್ಲಿಟ್ಟು, ತಾವು ಲಗ್ನಕ್ಕೆ ಬರುವುದಿಲ್ಲ ಎಂದರಂತೆ. ನಮ್ಮಪ್ಪನ ಜಾಗದಲ್ಲಿ ನಿಲ್ಲಬೇಕಾದವರು ಅವರು. ಅವರಿಲ್ಲದೆ ನನ್ನ ತಮ್ಮ ಅಕ್ಷತೆ ಹಾಕಿಸಿಕೊಳ್ಳುವುದನ್ನು ನೆನೆದು ನಾನು ಆ ದಿನವೆಲ್ಲ ಅತ್ತೆ. ನಮ್ಮವರ ಮುಖ ಇಂಗು ತಿಂದ ಮಂಗನದಾಗಿತ್ತು.

ಮರುದಿನವೇ ಇಬ್ಬರೂ ಬಸ್ಸು ಹತ್ತಿದೆವು. ಸಿಟ್ಟು ಸಿಟ್ಟಿನ ಕಡೆ, ಊಟ ಊಟದ ಕಡೆ. ದೊಡ್ಡಪ್ಪ ಅಳಿಯನಿಗೆ ಹೋಳಿಗೆ ಬಡಿಸಲು ಹೇಳಿ, ಮುಂದೆ ಬಾಳೆಹಣ್ಣಿಟ್ಟು, ಮುಖ ಮಾತ್ರ ಗೋಡೆಯ ಕಡೆ ತಿರುಗಿಸಿ ಕೂತರು. ನಮ್ಮವರು ಕ್ಷಮೆ ಕೇಳುವುದು ಬಿಟ್ಟು ಪಾಠ ಶುರು ಮಾಡಿದರು.

“ಪ್ರೊಸೆಸರ್ ಗರಂ ಆಗಿತ್ರಿ, ಮಾವಾರ. ನಿಮ್ಮ ಹೆಸರು ಕಟ್ ಆಗಿತ್ತು, ಪೇಸ್ಟ್ ಆಗ್ಲಿಲ್ರಿ.”

“ಕಟ್ ಮಾಡಿದವ್ರು ಯಾರು?”

ನಮ್ಮವರು ನನ್ನನ್ನು ನೋಡಿದರು. ಹದಿನಾರಾಣೆ ಸತ್ಯ. ಗಂಡನಾದವನು ಇಂಥ ಹೊತ್ತಿನಲ್ಲಿ ಅಷ್ಟು ಸತ್ಯವಂತನಾಗಬಾರದು ಎಂದಷ್ಟೇ ನನ್ನ ತಕರಾರು. ಬೇರೆ ಕಾರ್ಡು ಮಾಡಿಸುತ್ತೇವೆ ಎಂದು ನಾನು ಬೇಡಿಕೊಂಡೆ. ಅದರಲ್ಲೂ ಹಾರಿಹೋದರೆ ಏನು ಗತಿ ಎಂದರು ದೊಡ್ಡಪ್ಪ. ಹೆಸರು ಆ ಡಬ್ಬಿಯೊಳಗೆ ಕೂರುವುದನ್ನು ತಾವೇ ಬಂದು ಕಣ್ಣಾರೆ ನೋಡುವುದಾಗಿ ಹೇಳಿದರು.

ಬಂದರು. ನಡುಮಧ್ಯಾಹ್ನ, ಬಿಳಿ ರುಮಾಲು ಸುತ್ತಿಕೊಂಡು. ಮೊದಲು ಮಾಡಿದ್ದೇ ಕೂಲರನ್ನು ತಮ್ಮ ಕಡೆ ತಿರುಗಿಸಿಕೊಂಡದ್ದು. ಹಿರಿಯರಿಗೆ ಬೇಡ ಎನ್ನಲಾದೀತೆ? ನಮ್ಮವರು ಯಂತ್ರದ ಕಡೆಯೇ ನೋಡುತ್ತ ನಿಂತರು. ನಾನು ಪತ್ರಿಕೆಯ ನೆತ್ತಿಯ ಮೇಲೆ, ಕೋಣೆಯ ಆಚೆಯಿಂದಲೂ ಕಾಣುವಷ್ಟು ದಪ್ಪಗೆ, ‘ಶ್ರೀ ಸಿದ್ರಾಮಪ್ಪನವರು, ಮಾಜಿ ಮಂಡಲ ಪ್ರಧಾನರು’ ಎಂದು ಟೈಪ್ ಮಾಡಿದೆ. ಸೇವ್ ಮಾಡಲು ಹೋದೆ. ಬಾಣ ಅಲುಗಲಿಲ್ಲ.

ನಮ್ಮವರ ಕೈ ರೀಸೆಟ್ ಗುಂಡಿಯ ಕಡೆ ಹೊರಟಿತು. ಅದನ್ನು ಒತ್ತಿದರೆ ದೊಡ್ಡಪ್ಪನ ಕಣ್ಣೆದುರೇ ಹೆಸರು ಮಾಯವಾಗುತ್ತಿತ್ತು. ನಾನು ಆ ಕೈ ಹಿಡಿದುಕೊಂಡೆ. ದೊಡ್ಡಪ್ಪ ಏನಾಯಿತೆಂದು ಕೇಳಿದರು.

“ನಿಂತದ, ದೊಡ್ಡಪ್ಪ,” ಎಂದೆ.

“ನನ್ನ ಹೆಸರಿನ ಮ್ಯಾಲೆ ನಿಂತದ?”

“ಹೌದ್ರಿ, ಮಾವಾರ,” ಎಂದರು ನಮ್ಮವರು. “ಇನ್ನ ಯಾರು ಏನು ಒತ್ತಿದ್ರೂ ಹೋಗಂಗಿಲ್ರಿ.”

ದೊಡ್ಡಪ್ಪ ನಂಬಲಿಲ್ಲ. ಮುಂದೆ ಬಾಗಿ ತೋರುಬೆರಳಿನಿಂದ ಒಂದು ಕೀಲಿ ಒತ್ತಿದರು, ಇನ್ನೊಂದನ್ನು ಒತ್ತಿದರು, ಆಮೇಲೆ ಅಂಗೈಯಿಂದ ಹತ್ತಾರನ್ನು ಒಟ್ಟಿಗೇ ಅಮುಕಿದರು. ಹೆಸರು ಅಲುಗಲಿಲ್ಲ. ಅವರ ಮುಖ ಮೆಲ್ಲಗೆ ಸಡಿಲವಾಯಿತು. ಕುರ್ಚಿಗೆ ಒರಗಿ ಚಹಾ ತರಿಸಿಕೊಂಡು ಕುಡಿದರು, ಇನ್ನೊಂದು ಕಪ್ಪನ್ನೂ ಕುಡಿದರು. ಅಷ್ಟು ಹೊತ್ತೂ ಹೆಸರು ಪರದೆಯ ಮೇಲೆ ಹಾಗೆಯೇ ಇತ್ತು. ತಮ್ಮ ಹೆಸರನ್ನು ಅಷ್ಟು ದೊಡ್ಡದಾಗಿ, ಅಷ್ಟು ಹೊತ್ತು, ಅವರು ಎಂದೂ ನೋಡಿರಲಿಲ್ಲ. ಏಳುವಾಗ, “ಚಲೋ ಮಷೀನ್ ಅದ, ಅಳಿಯಾರ,” ಎಂದು ನಮ್ಮವರ ಬೆನ್ನು ತಟ್ಟಿದರು. ಓವರ್‌ಕ್ಲಾಕಿಂಗಿನಿಂದ ಈ ಜಗತ್ತಿಗೆ ಆದ ಒಂದೇ ಉಪಕಾರ ಅದು.

ಅವರನ್ನು ಬಸ್ಸಿಗೆ ಹತ್ತಿಸಿ ಬಂದವರೇ ಇವರು ಹೇರ್‌ಪಿನ್ ಕೇಳಿದರು. ಜಂಪರನ್ನು ಹಳೆಯ ಕಡ್ಡಿಗೆ ತೊಡಿಸಿ, ತಗಡು ಮುಚ್ಚಿ, ಕೂಲರನ್ನು ನಮ್ಮ ಕಡೆ ತಿರುಗಿಸಿದರು. ನಾನು, ಅಪರೂಪಕ್ಕೆ, ಕೆಣಕಲಿಲ್ಲ. ಹೊಸ ಕಾರ್ಡನ್ನು ಮುನ್ನೂರರಲ್ಲೇ ಮಾಡಿದೆ. ಲಗ್ನದಲ್ಲಿ ದೊಡ್ಡಪ್ಪ ಅಪ್ಪನ ಜಾಗದಲ್ಲಿ ನಿಂತು ಎಲ್ಲರಿಗಿಂತ ಮೊದಲು ಅಕ್ಷತೆ ಹಾಕಿದರು.

ಈಗ ನನ್ನ ಬಳಿ ಹೊಸ ಲ್ಯಾಪ್‌ಟಾಪ್ ಇದೆ. ನಮ್ಮವರು ನಿವೃತ್ತರಾಗಿದ್ದಾರೆ, ಕಚೇರಿಗೆ ಆ ವ್ಯತ್ಯಾಸ ತಿಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಮುಂದಿನ ತಿಂಗಳು ದೊಡ್ಡಪ್ಪನ ಮೊಮ್ಮಗನ ಲಗ್ನ, ಕಾರ್ಡು ನನ್ನದೇ. ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ನಮ್ಮಲ್ಲಿ ಹೋದವರ ಹೆಸರನ್ನೂ ಬಿಡುವುದಿಲ್ಲ, ಹೆಸರಿಗೆ ಮೊದಲು ‘ಲಿಂ.’ ಎಂದು ಸೇರಿಸಿ, ಲಿಂಗೈಕ್ಯರಾದರೆಂದು ತಿಳಿಸಿ, ಎಲ್ಲರಿಗಿಂತ ಮೇಲೆ ಹಾಕುತ್ತೇವೆ. ನಿನ್ನೆ ಸಂಜೆ ಟೈಪ್ ಮಾಡಲು ಕೂತೆ. ಈ ಯಂತ್ರ ಯಾವ ಬಿಸಿಲಿಗೂ ನಿಲ್ಲುವುದಿಲ್ಲ. ಕೀಲಿಗೆ ಬೆರಳು ಸೋಕಿತೋ ಇಲ್ಲವೋ, ‘ಲಿಂ.’ ಬಂದುಬಿಟ್ಟಿತ್ತು. ಅಷ್ಟು ಬೇಗ ಬರಬಾರದಿತ್ತು. ನನಗೆ ಮುಂದಿನ ಅಕ್ಷರ ಒತ್ತಲಾಗಲಿಲ್ಲ.

ಹಿಂದೆ ನಮ್ಮವರು ನಿಂತಿದ್ದರು. ಇನ್ನೊಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು.

“ಸಾವಕಾಶ ಹೊಡಿ,” ಎಂದರು. “ಅವಸರ ಏನದ.”